ಗಾಳದಲ್ಲಿ ಹಿಡಿದ ದೊಡ್ಡ ಮೀನನ್ನು ಫೋಟೊ ತೆಗೆದು ಬಿಟ್ಟರೆ ತಪ್ಪೇನು?

ಸಮುದ್ರದಲ್ಲಿ ಮುಳುಗಿ ಈಟಿಯಿಂದ ದೊಡ್ಡ ಮೀನು ಹೊಡೆಯುವವರಿಗಿಂತ, ಹಿಡಿದು ಫೋಟೊ ತೆಗೆದು ಬಿಡುವ ನಾವೇ ಮೇಲಲ್ಲವೇ ಎಂದು ಕೇಳಿದ್ದೀರಿ. ಯಾದಗಿರಿಯ ಭೀಮಾ ದಂಡೆಯಲ್ಲಿ ನಾನೂ ಇದೇ ಮಾತನ್ನು ಎದೆಯುಬ್ಬಿಸಿ ಹೇಳುತ್ತಿದ್ದೆ.

ಆಗ ಬೇಸಿಗೆ ಮುಗಿಯುತ್ತ ಬಂದಿತ್ತು. ಹೊಳೆ ಬತ್ತಿ ಅಲ್ಲಲ್ಲಿ ಮಡುಗಳಷ್ಟೇ ಉಳಿದಿದ್ದವು. ಆಟ ಹೆಚ್ಚು ಹೊತ್ತು ನಡೆಯಲೆಂದು ಬೇಕೆಂದೇ ತೆಳು ದಾರ ಹಾಕಿದ್ದ ನನ್ನ ಗಾಳಕ್ಕೆ ನನ್ನ ಸೊಂಟದೆತ್ತರದ ಬಾಳೆ ಮೀನು (ಹೊಳೆಯ ದೊಡ್ಡ ಮೀಸೆ ಮೀನು) ಬಿತ್ತು. ದಣಿಸಿ ದಂಡೆಗೆ ತಂದೆ. ಅಲ್ಲಿಗೇ ಬಿಟ್ಟಿದ್ದರೆ ಬಹುಶಃ ಬದುಕುತ್ತಿತ್ತು. ಆದರೆ 1946ರಲ್ಲಿ ಮೈಸೂರು ಸೀಮೆಯಲ್ಲಿ ವ್ಯಾನ್ ಇಂಗನ್ ಎಂಬವರು ಗಾಳದಲ್ಲಿ ಹಿಡಿದು ದಾಖಲೆ ಮಾಡಿದ 120 ಪೌಂಡಿನ, ಅಂದರೆ ಸುಮಾರು 54 ಕಿಲೋದ ಮಹಶೀರ್ ಎಂಬ ಹೊಳೆ ಮೀನು ನನ್ನ ತಲೆಯಲ್ಲಿ ಕೂತಿತ್ತು; ತೂಕವಿಲ್ಲದೆ ದಾಖಲೆ ಎಲ್ಲಿಯದು? ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಕೆಳದವಡೆಗೆ ಸಿಕ್ಕಿಸಿ ಮೀನನ್ನು ನೆಟ್ಟಗೆ ತೂಗುಹಾಕಿ ಫೋಟೊ ತೆಗೆದೆ.

ಮೀನಿನ ಮೈಭಾರವನ್ನು ಹೊರುವುದು ಅದರ ಸುತ್ತಲಿನ ನೀರು. ಮೇಲೆತ್ತಿ ತೂಗುಹಾಕಿದಾಗ ಇಡೀ ದೇಹ ದವಡೆಯ ಮೇಲೆ ಜಗ್ಗುತ್ತದೆ, ಕಿವಿರಿನ ನಡುವಿನ ಕಟ್ಟು ಹರಿಯಬಹುದು, ಒಳಗಿನ ಅಂಗಗಳೂ ಜಾರುತ್ತವೆ. ಸಾಲದ್ದಕ್ಕೆ ಒಣ ಟವೆಲಿನಿಂದ ಹಿಡಿದು, ಸೋಂಕು ತಡೆಯುವ ಲೋಳೆಯನ್ನೂ ಒರೆಸಿಬಿಟ್ಟಿದ್ದೆ. ಬಿಸಿ ನೀರಿನಲ್ಲಿ ಆಮ್ಲಜನಕವೇ ಕಡಿಮೆ. ದಣಿದ ಮೀನು ಚೇತರಿಸಿಕೊಳ್ಳುವುದಾದರೂ ಹೇಗೆ? ನೀರಿಗೆ ಬಿಟ್ಟಾಗ ಬಾಲ ಬೀಸಿ ಹೋಯಿತು, ನಾನು ಚಪ್ಪಾಳೆ ತಟ್ಟಿದೆ. ಮರುದಿನ ಅದು ಹೊಟ್ಟೆ ಮೇಲಾಗಿ ತೇಲಿತು. ಬಲೆ ಬಿಡಲು ಬಂದ ಹಿರಿಯರೊಬ್ಬರು ಸೀಳಿ ತೋರಿಸಿದರು: ಒಳಗೆ ಮೊಟ್ಟೆ ತುಂಬಿತ್ತು. "ತಿನ್ನಾಕ ಹಿಡದಿದ್ರ ಏನೂ ಅಂತಿದ್ದಿಲ್ಲರೀ, ಫೋಟೊಕ್ಕ ಕೊಂದ್ರಿ" ಎಂದರು. ಆಮೇಲೆ ಅವರು ನನ್ನನ್ನು ತಮ್ಮ ಹರಿಗೋಲಿಗೆ ಹತ್ತಿಸಿಕೊಳ್ಳಲಿಲ್ಲ. ಒಳ್ಳೆಯ ಮಡುಗಳೆಲ್ಲ ಅವರಿಗೆ ಮಾತ್ರ ಗೊತ್ತಿದ್ದವು.

ಆದ್ದರಿಂದ ನಿಮ್ಮ ಹೋಲಿಕೆಯನ್ನೇ ನಾನು ಒಪ್ಪುವುದಿಲ್ಲ. ಈಟಿಯವನು ಯಾವ ಮೀನು, ಎಷ್ಟು ದೊಡ್ಡದು ಎಂದು ಕಣ್ಣಾರೆ ಕಂಡು ಹೊಡೆಯಬಲ್ಲ, ಬೇಡವೆನಿಸಿದರೆ ಸುಮ್ಮನಿರಬಲ್ಲ. ಗಾಳ ಹಾಕಿದವನಿಗೆ ಏನು ಸಿಕ್ಕಿತೆಂದು ತಿಳಿಯುವುದು ಮೀನು ದಣಿದು ಮೇಲೆ ಬಂದ ಮೇಲೆ. ದೊಡ್ಡ ಹೆಣ್ಣು ಮೀನೇ ಹೆಚ್ಚು ಮೊಟ್ಟೆಯಿಡುವುದರಿಂದ, ದಾಖಲೆಗೆಂದು ದೊಡ್ಡದನ್ನೇ ಹುಡುಕುವುದು ಬೀಜದ ಕಾಳನ್ನೇ ಹುರಿದು ತಿಂದಂತೆ. ಬಾಳೆ ಮೀನು ಈಗಾಗಲೇ, ಅಳಿವಿನ ಅಪಾಯದಲ್ಲಿರುವ ಜೀವಿಗಳನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿದೆ.

ತಿನ್ನುವ ಆಸೆಯಿದ್ದರೆ ಮರಿ ಬಿಟ್ಟು ಬೆಳೆಸಿದ ಕೆರೆಯಲ್ಲಿ, ಗುತ್ತಿಗೆದಾರರನ್ನು ಕೇಳಿ, ಕಾಟ್ಲಾನೋ ರೋಹುವೋ ಹಿಡಿದು ಸಾರು ಮಾಡಿಕೊಳ್ಳಿ. ಹೊಳೆಯ ಮಡುಗಳಿಗೆ ಬೇಸಿಗೆಯಲ್ಲಿ ಗಾಳ ಹಾಕಲೇಬೇಡಿ. ಉಳಿದ ಕಾಲದಲ್ಲಿ ಬಾಳೆ ಸಿಕ್ಕರೆ, ಗಟ್ಟಿ ದಾರದಿಂದ ಬೇಗ ಎಳೆದು, ಒದ್ದೆ ಕೈಯಿಂದ ನೀರಿನಲ್ಲೇ ಗಾಳ ಬಿಡಿಸಿ. ಅಳತೆ ಬೇಕೇ ಬೇಕಾದರೆ ನೀರಿನಲ್ಲೇ ಟೇಪು ಹಿಡಿಯಿರಿ. ಗೆಳೆಯರು ನಂಬದಿದ್ದರೆ ಬಿಡಲಿ.