ಮಗುಚುವ ಫೋರ್ಕ್‌ಲಿಫ್ಟ್‌ನಿಂದ ಹಾರಬೇಡಿ

ಪ್ರಶ್ನೆ: ನೆಲಮಂಗಲದ ಬಳಿಯ ಗೋದಾಮೊಂದರಲ್ಲಿ ನಾನು ಸೂಪರ್‌ವೈಸರ್. ಕಳೆದ ತಿಂಗಳು ಮೂರು ಟನ್ ಸರಕು ಎತ್ತಿ ಸಾಗಿಸುವ ನಮ್ಮ ಫೋರ್ಕ್‌ಲಿಫ್ಟ್ ಗಾಡಿ ತಿರುವಿನಲ್ಲಿ ಮಗುಚಿತು. ಹೊರಗೆ ಹಾರಿದ ಚಾಲಕನ ಕಾಲು ಜಜ್ಜಿಹೋಗಿದೆ. ಆಗ ಗಾಡಿಯಲ್ಲಿ ಸರಕೇ ಇರಲಿಲ್ಲ. ತಪ್ಪು ಅವನದೇ, ಪರಿಹಾರವಿಲ್ಲ ಎನ್ನುತ್ತಾರೆ ಮಾಲೀಕರು. ಖಾಲಿ ಗಾಡಿ ಮಗುಚಿದ್ದು ಹೇಗೆ? ಅವನು ಏನು ಮಾಡಬೇಕಿತ್ತು?
– ಹೆಸರು ಬೇಡ

ಉತ್ತರ: ತಿರುವಿನಲ್ಲಿ ಪಕ್ಕಕ್ಕೆ ಮಗುಚುವ ಅಪಾಯ ಖಾಲಿ ಗಾಡಿಗೇ ಹೆಚ್ಚು. ಸರಕು ಎತ್ತಿದಾಗ ಮುಂದಕ್ಕೆ ಮುಗ್ಗರಿಸದಿರಲೆಂದು ಹಿಂಬದಿಯಲ್ಲಿ ಭಾರೀ ಎರಕದ ತೂಕ ಇಟ್ಟಿರುತ್ತಾರೆ. ಮೂರು ಟನ್ ಎತ್ತುವ ಗಾಡಿಯ ಸ್ವಂತ ತೂಕವೇ ನಾಲ್ಕು ಟನ್ ದಾಟುತ್ತದೆ. ಹಿಂದಿನ ಚಕ್ರಗಳ ಅಚ್ಚು (ಆಕ್ಸಲ್) ನಡುವಿನ ಒಂದು ಪಿನ್ನಿನ ಮೇಲೆ ಕುಳಿತಿರುವುದರಿಂದ, ಚಕ್ರ ನಾಲ್ಕಿದ್ದರೂ ಗಾಡಿಗೆ ಆಧಾರ ಮೂರೇ ಕಡೆ: ಮುಂದಿನ ಎರಡು ಚಕ್ರಗಳು ಮತ್ತು ಆ ಪಿನ್ನು. ಸರಕಿಲ್ಲದಾಗ ತೂಕವೆಲ್ಲ ಈ ತ್ರಿಕೋನದ ಹಿಂದಿನ ಚೂಪು ತುದಿಯತ್ತ ಸರಿಯುತ್ತದೆ. ಅಲ್ಲಿ ಅಗಲ ಕಡಿಮೆ. ವೇಗದಲ್ಲಿ ಒಮ್ಮೆಲೇ ತಿರುಗಿಸಿದರೆ, ಅದರಲ್ಲೂ ಫೋರ್ಕ್ (ಸರಕು ಎತ್ತುವ ಮುಂದಿನ ಕವಲು) ಮೇಲಕ್ಕೆತ್ತಿದ್ದರೆ, ಗಾಡಿ ಉಳಿಯುವುದು ಕಷ್ಟ.

ವಾಲುತ್ತಿರುವ ಗಾಡಿಯಿಂದ ಹಾರಬೇಕು ಅನ್ನಿಸುವುದು ಸಹಜ. ಆದರೆ ಜೀವ ಹೋಗುವುದು ಹೆಚ್ಚಾಗಿ ಅದರಿಂದಲೇ. ಗಾಡಿ ವಾಲಿದ ಕಡೆಗೇ ದೇಹವೂ ಜಾರುತ್ತದೆ, ನೆಲ ಮುಟ್ಟಿದವನ ಮೇಲೆ ಚಾಲಕನ ತಲೆಯ ಮೇಲಿರುವ ಉಕ್ಕಿನ ಚೌಕಟ್ಟು ಬಂದು ಬೀಳುತ್ತದೆ. ಕುಳಿತು ಓಡಿಸುವ ಗಾಡಿಯಲ್ಲಿ ಸ್ಟೀರಿಂಗ್ ಗಟ್ಟಿಯಾಗಿ ಹಿಡಿದು, ಪಾದಗಳನ್ನು ಒತ್ತಿ ಊರಿ, ವಾಲುವ ದಿಕ್ಕಿಗೆ ವಿರುದ್ಧವಾಗಿ ಬಾಗಿ ಒಳಗೇ ಕುಳಿತಿರಬೇಕು. ಸೀಟ್ ಬೆಲ್ಟ್ ಇರುವುದೇ ಆ ಗಳಿಗೆಯಲ್ಲಿ ಹಾರದಂತೆ ತಡೆಯಲು. ನಿಧಾನ ಓಡುವ ಗಾಡಿಗೆ ಬೆಲ್ಟೇಕೆ ಎಂಬ ಮಾತು ನಿಮ್ಮ ಗೋದಾಮಿನಲ್ಲಿ ಇದ್ದರೆ ಇಂದೇ ನಿಲ್ಲಿಸಿ.

ಇದನ್ನು ಅವನಿಗೆ ಯಾರಾದರೂ ಕಲಿಸಿದ್ದರೇ? ಲಾರಿ ಕಾಯುತ್ತಿದೆ, ಬೇಗ ಬಾ ಎಂದು ಅವಸರಪಡಿಸಿದವರು ಯಾರು? ಅವನ ಮೇಲೆ ತಪ್ಪು ಹೊರಿಸುವ ಮುನ್ನ ಇವಕ್ಕೆ ಉತ್ತರ ಬೇಕು.

ಪರಿಹಾರದ ವಿಷಯದಲ್ಲಿ ಮಾಲೀಕರ ಮಾತು ಸರಿಯಲ್ಲ. ಕೆಲಸದ ವೇಳೆ ಆದ ಗಾಯಕ್ಕೆ ನೌಕರನ ಬರೀ ಅಜಾಗರೂಕತೆಯ ಕಾರಣ ನೀಡಿ ಪರಿಹಾರ ನಿರಾಕರಿಸಲು ಕಾನೂನಿನಲ್ಲಿ ಅವಕಾಶವಿಲ್ಲ. ಅವನು ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿದ್ದರೆ ಚಿಕಿತ್ಸೆಯ ಜೊತೆಗೆ, ಕೆಲಸಕ್ಕೆ ಮರಳುವವರೆಗೆ ಸರಾಸರಿ ದಿನಗೂಲಿಯ ಶೇ 90ರಷ್ಟು ಭತ್ಯೆ ಸಿಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಅಪಘಾತವಾದರೂ ಇದು ಅನ್ವಯಿಸುತ್ತದೆ. ವ್ಯಾಪ್ತಿಯಲ್ಲಿ ಇಲ್ಲದಿದ್ದರೆ ಪರಿಹಾರ ಕೊಡುವ ಹೊಣೆ ಮಾಲೀಕರದೇ. ಅಪಘಾತದ ವರದಿ ಇನ್ನೂ ಇಎಸ್‌ಐ ಶಾಖಾ ಕಚೇರಿಗೆ ಹೋಗಿಲ್ಲವಾದರೆ ತಡಮಾಡದೆ ಕಳುಹಿಸಿ. ಕಂಡದ್ದನ್ನು ಕಂಡ ಹಾಗೆ ಬರೆದು, ಸಾಕ್ಷಿಗಳ ಹೆಸರು ಸೇರಿಸಿ, ಒಂದು ಪ್ರತಿಯನ್ನು ಚಾಲಕನ ಮನೆಯವರಿಗೂ ಕೊಡಿ.