ಸಂಪಾದಕರ ಉತ್ತರ: ತಪ್ಪು ರೊಟ್ಟಿಯದ್ದಲ್ಲ

ಜಗಳೂರು ಕಡೆಯ ಸೋದರಿಗೆ ನಮಸ್ಕಾರ.

ಕಾಗದ ತಲುಪಿತು. ನಿಮ್ಮ ತಂದೆಯವರ ಕತ್ತು, ಮುಂಗೈ ಕಪ್ಪಾಗಿ ಸಿಪ್ಪೆ ಏಳುತ್ತಿದೆ. ಆಗಾಗ ಭೇದಿ, ಈಚೆಗೆ ಮರೆವು. ‘ಜೋಳ ತಿಂದರೆ ಟ್ರಿಪ್ಟೊಫಾನ್ ಕಮ್ಮಿಯಾಗಿ ತಲೆ ಕೆಡುತ್ತೆ’ ಅಂತ ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ್ದಾರೆ. ರೊಟ್ಟಿ ಬಿಡಿಸಬೇಕಾ, ಜಿಮ್ ಸಾಮಾನಿನ ಅಂಗಡಿಯಿಂದ ತಂದ ಟ್ರಿಪ್ಟೊಫಾನ್ ಪುಡಿ ಕೊಡಬಹುದಾ ಅಂತ ಕೇಳಿದ್ದೀರಿ. ನಡುವೆ ಎಲ್ಲೋ ಒಂದು ಸಾಲು ಬರೆದಿದ್ದೀರಿ: ‘ರಾತ್ರಿ ಕುಡಿದು ಬಂದು ಎರಡು ರೊಟ್ಟಿ, ಕೆಂಪು ಚಟ್ನಿ, ಅಷ್ಟೇ ಅವರ ಊಟ.’ ನನ್ನ ಕಣ್ಣು ನಿಂತಿದ್ದು ಅಲ್ಲಿ.

ಟ್ರಿಪ್ಟೊಫಾನ್ ಅನ್ನೋದು ಒಂದು ಅಮೈನೊ ಆಮ್ಲ, ಅಂದರೆ ಪ್ರೋಟೀನ್ ಕಟ್ಟುವ ಇಟ್ಟಿಗೆಗಳಲ್ಲೊಂದು. ಇದನ್ನು ನಮ್ಮ ದೇಹ ತಾನೇ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಬಂದಿದ್ದರಲ್ಲಿ ಸ್ವಲ್ಪ ಮೈಯ ಪ್ರೋಟೀನ್ ಕಟ್ಟಲು ಹೋಗುತ್ತದೆ. ಒಡೆದು ಬಳಕೆಯಾಗುವ ಭಾಗದಲ್ಲಿ ನೂರಕ್ಕೆ 95ರಷ್ಟು ಕೈನುರೆನಿನ್ ಅನ್ನೋ ದಾರಿ ಹಿಡಿಯುತ್ತದೆ. ಈ ಕೆಲಸ ಹೆಚ್ಚಾಗಿ ನಡೆಯೋದು ಲಿವರ್‌ನಲ್ಲಿ. ಅದೇ ದಾರಿಯಲ್ಲಿ ನಯಾಸಿನ್, ಅಂದರೆ ಬಿ3 ವಿಟಮಿನ್ ಮಾಡುವ ಕೆಲಸವೂ ಆಗುತ್ತದೆ. ಆದರೆ ಲೆಕ್ಕ ಬಲು ಬಿಗಿ. ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫಾನ್ ಸುರಿದರೆ 1 ಮಿಲಿಗ್ರಾಂ ನಯಾಸಿನ್. ಅದಕ್ಕೂ ಬಿ6, ಬಿ2 ಜೊತೆಗಿರಬೇಕು. ಮನಸ್ಸಿನ ಲವಲವಿಕೆಗೆ ಬೇಕು ಅಂತ ಎಲ್ಲರೂ ಮಾತಾಡುವ ಸೆರೊಟೋನಿನ್‌ಗೆ ಹೋಗೋದು ನೂರಕ್ಕೆ ಒಂದೋ ಎರಡೋ ಪಾಲು. ಅದೂ ಬಹುಪಾಲು ತಯಾರಾಗೋದು ಕರುಳಿನಲ್ಲಿ, ಮಿದುಳಿನಲ್ಲಲ್ಲ.

ಊಟದಲ್ಲಿ ನಯಾಸಿನ್ನೂ ಇಲ್ಲ, ಟ್ರಿಪ್ಟೊಫಾನೂ ಇಲ್ಲ ಅಂದಾಗ ಪೆಲಾಗ್ರ ಅನ್ನೋ ಕಾಯಿಲೆ ಬರುತ್ತದೆ. ಬಿಸಿಲು ಬೀಳುವ ಜಾಗದಲ್ಲೇ ಚರ್ಮ ಮೊದಲು ಕೆಂಪಾಗಿ ಉರಿದು, ಆಮೇಲೆ ಕಪ್ಪಾಗಿ ಒರಟಾಗುತ್ತದೆ. ಎರಡೂ ಕೈಗೆ ಒಂದೇ ಥರ. ಅಂಗಿ ತೋಳು ಮುಗಿಯುವಲ್ಲಿ ಗೆರೆ ಎಳೆದಂತೆ ನಿಂತುಬಿಡುತ್ತದೆ. ಕತ್ತಿನ ಸುತ್ತ ಬಂದರೆ ಹಾರ ಹಾಕಿದಂತೆ ಕಾಣುತ್ತದೆ. ಆಮೇಲೆ ಭೇದಿ, ಆಮೇಲೆ ಬುದ್ಧಿ ಮಂಕು. ಹೊಲದಲ್ಲಿ ದುಡಿಯುವವರಿಗೆ ಇದು ಬಂದರೆ ಮನೆಯವರು ‘ಬಿಸಿಲಿಗೆ ಕಪ್ಪಾಗಿದಾರೆ ಬಿಡು’ ಅಂತ ಸುಮ್ನಾಗೋದೇ ಜಾಸ್ತಿ.

ಅಮೆರಿಕದಲ್ಲಿ ನೂರು ವರ್ಷದ ಹಿಂದೆ ಮೆಕ್ಕೆಜೋಳವನ್ನೇ ನಂಬಿದ ಬಡವರು ಇದರಿಂದ ಸಾವಿರಗಟ್ಟಲೆ ಸತ್ತರು. ಇದು ಅಂಟುರೋಗ ಅಂತಲೇ ಆಗ ತುಂಬ ಜನ ನಂಬಿದ್ದರು. ಜೋಸೆಫ್ ಗೋಲ್ಡ್‌ಬರ್ಗರ್ ಅನ್ನೋ ಡಾಕ್ಟರ್ ಒಪ್ಪಲಿಲ್ಲ. 1916ರಲ್ಲಿ ರೋಗಿಗಳ ಚರ್ಮದ ಹೊಟ್ಟು, ಮಲ, ಮೂತ್ರವನ್ನು ಹಿಟ್ಟಿನಲ್ಲಿ ಕಲಸಿ ಮಾತ್ರೆ ಮಾಡಿ ತಾನೂ ನುಂಗಿದ, ಜೊತೆಯವರಿಗೂ ನುಂಗಿಸಿದ. ಯಾರಿಗೂ ರೋಗ ಬರಲಿಲ್ಲ. ಊಟದಲ್ಲಿ ಏನು ಕಮ್ಮಿ ಅಂತ ಗೊತ್ತಾಗಿದ್ದು ಮಾತ್ರ 1937ರಲ್ಲಿ, ಆತ ತೀರಿಕೊಂಡ ಮೇಲೆ.

ದಾವಣಗೆರೆಯಲ್ಲಿ ಮೆಕ್ಕೆಜೋಳ ರಾಶಿ ಬೀಳುತ್ತದೆ, ನಿಜ. ಅದು ಹೋಗೋದು ಹೆಚ್ಚಾಗಿ ಕೋಳಿ ಆಹಾರಕ್ಕೆ. ನಮ್ಮ ತಟ್ಟೆಗೆ ಬರೋದು ಬಿಳಿಜೋಳ. ಅದರಲ್ಲಿ ಟ್ರಿಪ್ಟೊಫಾನ್ ಅಷ್ಟೇನೂ ಕಮ್ಮಿ ಇಲ್ಲ. ಲ್ಯೂಸಿನ್ ಅನ್ನೋ ಇನ್ನೊಂದು ಅಮೈನೊ ಆಮ್ಲ ಜಾಸ್ತಿಯಿದೆ, ಅದು ನಯಾಸಿನ್ ತಯಾರಿಗೆ ಅಡ್ಡಗಾಲು ಹಾಕುತ್ತದೆ ಅಂತ ಹೈದರಾಬಾದಿನಲ್ಲಿ ಸಿ. ಗೋಪಾಲನ್ ಅವರ ತಂಡ 1960ರಲ್ಲಿ ಹೇಳಿತು. ಎಲ್ಲರೂ ಅದನ್ನು ಒಪ್ಪಿಲ್ಲ. ಅಲ್ಲದೆ ರೊಟ್ಟಿ ಜೊತೆ ಕಾಳುಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ ಇದ್ದರೆ ಈ ಚಿಂತೆಯೇ ಇಲ್ಲ. ನಿಮ್ಮ ತಂದೆಯ ತಟ್ಟೆಯಲ್ಲಿ ಅವು ಯಾವುವೂ ಇಲ್ಲವಲ್ಲ! ಮೇಲೆ ಕುಡಿತ. ಕುಡಿತ ಹಸಿವನ್ನೂ ಕೊಲ್ಲುತ್ತದೆ, ತಿಂದಿದ್ದು ಮೈಗೆ ಹತ್ತದಂತೆಯೂ ಮಾಡುತ್ತದೆ.

ಚೆನ್ನಾಗಿ ಉಂಡರೂ ಪೆಲಾಗ್ರ ಬರುವುದುಂಟು. ಹಾರ್ಟ್‌ನಪ್ ಅನ್ನೋ ಹುಟ್ಟು ಕಾಯಿಲೆಯಲ್ಲಿ ಕರುಳು ಟ್ರಿಪ್ಟೊಫಾನನ್ನು ಸರಿಯಾಗಿ ಹೀರೋದೇ ಇಲ್ಲ. ಕಾರ್ಸಿನಾಯ್ಡ್ ಅನ್ನೋ ಗೆಡ್ಡೆಯದು ಬೇರೆ ಕಥೆ. ಭದ್ರಾ ನಾಲೆಯ ಮೇಲ್ಭಾಗದಲ್ಲೇ ಪಂಪ್‌ಸೆಟ್ ಇಟ್ಟು ನೀರೆತ್ತಿದರೆ ಕೊನೆ ಭಾಗದ ಗದ್ದೆ ಒಣಗುತ್ತದಲ್ಲ, ಹಾಗೆ ಆ ಗೆಡ್ಡೆ ಟ್ರಿಪ್ಟೊಫಾನಿನ ಬಹುಪಾಲನ್ನು ಸೆರೊಟೋನಿನ್ ಮಾಡಲು ಎಳೆದುಕೊಂಡುಬಿಡುತ್ತದೆ. ನಯಾಸಿನ್‌ಗೆ ಸಾಕಷ್ಟು ಉಳಿಯೋದಿಲ್ಲ. ಇವೆರಡೂ ಅಪರೂಪ. ಅಪರೂಪವಲ್ಲದ್ದು ಟಿಬಿಯ ಐಸೊನಿಯಜಿಡ್ ಮಾತ್ರೆ. ಅದು ಬಿ6ಗೆ ಕೈಹಾಕುತ್ತದೆ. ತಂದೆಯವರು ಟಿಬಿ ಮಾತ್ರೆ ತಗೊಂಡಿದ್ದರೆ ಡಾಕ್ಟರಿಗೆ ಮರೆಯದೆ ಹೇಳಿ.

ಇದು ಪೆಲಾಗ್ರವೇ ಅಂತ ನಾನು ಕಾಗದ ಓದಿ ಹೇಳಲಾಗದು. ಆದರೆ ಈ ವಾರವೇ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ, ಹತ್ತಿರದ ಡಾಕ್ಟರ ಹತ್ತಿರವೋ ಕರೆದುಕೊಂಡು ಹೋಗಿ. ಚರ್ಮವಷ್ಟೇ ತೋರಿಸಿ ಬರಬೇಡಿ. ಭೇದಿ, ಮರೆವು, ಕುಡಿತ, ಊಟ, ನಾಲ್ಕನ್ನೂ ಹೇಳಿ. ಪೆಲಾಗ್ರವೇ ಆಗಿದ್ದರೆ ನಯಾಸಿನಮೈಡ್ (ಬಿ3ಯದೇ ಒಂದು ರೂಪ) ಮಾತ್ರೆಗೆ ಕೆಲವೇ ದಿನದಲ್ಲಿ ಗುಣ ಕಾಣತೊಡಗುತ್ತದೆ. ಕುಡಿತವನ್ನು ನೀವೇ ಮನೆಯಲ್ಲಿ ಒಂದೇ ಏಟಿಗೆ ನಿಲ್ಲಿಸಲು ಹೋಗಬೇಡಿ. ದಿನಾ ಕುಡಿಯುವವರಿಗೆ ಅದರಿಂದ ಫಿಟ್ಸ್ ಬರಬಹುದು. ಅದನ್ನೂ ಡಾಕ್ಟರ ಕಣ್ಗಾವಲಲ್ಲೇ ಮಾಡಿಸಿ.

ರೊಟ್ಟಿ ಇರಲಿ. ಜೊತೆಗೆ ಮೊಟ್ಟೆ, ಹೆಸರುಕಾಳು, ಒಂದು ಹಿಡಿ ಚಳ್ಳಕೆರೆ ಶೇಂಗಾ ಬರಲಿ. ಶೇಂಗಾದಲ್ಲಿ ನಯಾಸಿನ್ನೂ ಉಂಟು, ಟ್ರಿಪ್ಟೊಫಾನೂ ಉಂಟು. ಇನ್ನು ಆ ಪುಡಿ. 1989ರಲ್ಲಿ ಅಮೆರಿಕದಲ್ಲಿ ಟ್ರಿಪ್ಟೊಫಾನ್ ಮಾತ್ರೆ ನುಂಗಿ ಸಾವಿರಕ್ಕೂ ಹೆಚ್ಚು ಜನ ಮೈಕೈ ನೋವಿನ ಘೋರ ಕಾಯಿಲೆಗೆ ಬಿದ್ದರು, ಕೆಲವರು ಸತ್ತರು. ಮಾಲಿನಲ್ಲಿ ಬೇರೇನೋ ಬೆರೆತಿತ್ತು ಅನ್ನೋದೇ ಮುಖ್ಯ ಅನುಮಾನ. ಮನೋರೋಗದ ಕೆಲವು ಮಾತ್ರೆಗಳ ಜೊತೆಗಂತೂ ಅದು ಸೇರಲೇಬಾರದು. ಡಬ್ಬಿ ಇನ್ನೂ ಒಡೆದಿಲ್ಲ, ಬಿಲ್ ಇದೆ ಅಂತ ಬರೆದಿದ್ದೀರಲ್ಲ, ವಾಪಸ್ ಕೊಟ್ಟುಬಿಡಿ.