ಸ್ಟೂಲಿನ ಅಡ್ಡಪಟ್ಟಿ ಪದೇ ಪದೇ ಕಳಚುವುದೇಕೆ?

ಪ್ರಶ್ನೆ: ಹಳೆ ಬಾಗಿಲಿನ ತೇಗದ ತುಂಡುಗಳಿಂದ ಮನೆಯಲ್ಲೇ ಒಂದು ಸ್ಟೂಲ್ ಮಾಡಿದೆ. ಅಡ್ಡಪಟ್ಟಿಗಳ ತುದಿಗೆ ಬಿಳಿ ಗ್ಲೂ ಹಚ್ಚಿ ನೇರವಾಗಿ ಕಾಲಿಗೆ ಅಂಟಿಸಿದ್ದೆ. ಮಳೆಗಾಲದಲ್ಲಿ ಒಂದು ಪಟ್ಟಿ ಬಿಟ್ಟುಕೊಂಡಿತು. ಅದೇ ಜಾಗಕ್ಕೆ ಮತ್ತೆ ಗ್ಲೂ ಹಾಕಿದೆ, ಈ ಸಲ ಇನ್ನೂ ಬೇಗ ಬಿಟ್ಟಿತು. ಗ್ಲೂ ಸರಿಯಿಲ್ವಾ? ಎಪಾಕ್ಸಿ ತರಲಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಎಪಾಕ್ಸಿಗೆ (ಎರಡು ಭಾಗ ಬೆರೆಸಿ ಹಚ್ಚುವ ಅಂಟು) ದುಡ್ಡು ಹಾಕುವ ಮೊದಲು ಬಿಟ್ಟುಕೊಂಡ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ಕಾರಣ ಅಲ್ಲೇ ಇರುತ್ತದೆ. ಮರದ ನಾರು ಕಿತ್ತು ಬಂದಿದ್ದರೆ ಗ್ಲೂ ತನ್ನ ಕೆಲಸ ಮಾಡಿದೆ, ಸೋತದ್ದು ಮರ. ಗ್ಲೂ ಗಾಜಿನ ಹಾಗೆ ನುಣ್ಣಗೆ ಒಂದೇ ಕಡೆ ಉಳಿದಿದ್ದರೆ ಅದು ಇನ್ನೊಂದು ತುಂಡನ್ನು ಹಿಡಿದೇ ಇಲ್ಲ. ದಪ್ಪ ಪದರ ಕಂಡರೆ ನಡುವೆ ಸಂದು ಇತ್ತು. ಗ್ಲೂ ಕಾಣುವುದೇ ಇಲ್ಲ ಅಂದರೆ ಮರ ಹೀರಿಕೊಂಡಿದೆ, ಇಲ್ಲವೇ ಕ್ಲ್ಯಾಂಪ್ (ತುಂಡುಗಳನ್ನು ಒತ್ತಿ ಹಿಡಿಯುವ ಸಾಧನ) ಜಾಸ್ತಿ ಬಿಗಿದು ಅದು ಹಿಂಡಿಹೋಗಿದೆ.

ನಿಮ್ಮ ಸ್ಟೂಲಿನಲ್ಲಿ ಎರಡು ತೊಂದರೆ ಸೇರಿಕೊಂಡಿರಬೇಕು. ಒಂದು, ತೇಗದಲ್ಲಿ ಸಹಜವಾಗಿಯೇ ಎಣ್ಣೆಯಂಶ ಇದೆ. ಹಳೆ ಬಾಗಿಲಾದರೆ ವಾರ್ನಿಷ್, ಕೈ ಜಿಡ್ಡು ಬೇರೆ. ಅಂಟಿಸುವ ಮುಖವನ್ನು ಹೊಸ ಮರ ಕಾಣುವ ತನಕ ಕೆರೆದು, ಅಸಿಟೋನ್ (ಜಿಡ್ಡು ಕರಗಿಸುವ ದ್ರವ) ಹಾಕಿದ ಬಟ್ಟೆಯಿಂದ ಒರೆಸಿ, ಆರಿದ ಕೂಡಲೇ ಗ್ಲೂ ಹಚ್ಚಿ. ನಾಳೆ ನೋಡೋಣ ಅಂತ ಬಿಡಬೇಡಿ, ಎಣ್ಣೆ ಮತ್ತೆ ಮೇಲೆ ಬರುತ್ತದೆ.

ಎರಡನೆಯದು ಇನ್ನೂ ಮುಖ್ಯ. ಪಟ್ಟಿಯ ತುದಿಯಲ್ಲಿ ಮರದ ನಾಳಗಳ ಬಾಯಿ ತೆರೆದಿರುತ್ತದೆ, ಅವು ಗ್ಲೂವನ್ನು ಒಳಗೆ ಎಳೆದುಕೊಳ್ಳುತ್ತವೆ. ಮೇಲಾಗಿ ಯಾರಾದರೂ ಕೂತು ಅಲುಗಾಡಿದಾಗಲೆಲ್ಲ ಉದ್ದದ ಕಾಲು ಆ ಪುಟ್ಟ ಕೀಲನ್ನು ಮೀಟುತ್ತದೆ. ಬರೀ ಗ್ಲೂ ಅದನ್ನು ತಡೆಯುವುದಿಲ್ಲ. ಕಾಲಿನಲ್ಲಿ ಗೂಡು ಕೊರೆದು, ಪಟ್ಟಿಯ ತುದಿಯನ್ನು ಸಣ್ಣ ಮಾಡಿ ಅದರೊಳಗೆ ಕೂರಿಸಿ. ಆಗ ಗ್ಲೂ ತುದಿಗಲ್ಲ, ಪಕ್ಕಗಳಿಗೆ ಹಿಡಿಯುತ್ತದೆ. ಗ್ಲೂ ಹಚ್ಚುವ ಮೊದಲು ಒಮ್ಮೆ ಹಾಗೇ ಜೋಡಿಸಿ ನೋಡಿ: ಕೈಯಿಂದ ಒತ್ತಿದರೆ ಬಿಗಿಯಾಗಿ ಹೋಗಬೇಕು, ಸುಮ್ನೆ ಜಾರಬಾರದು. ಬಿಳಿ ಗ್ಲೂ ನೀರು ಆರಿದಾಗ ಕುಗ್ಗುತ್ತದೆ, ಸಂದು ತುಂಬುವ ಶಕ್ತಿ ಅದಕ್ಕಿಲ್ಲ. ಗೂಡು ಸಡಿಲವಾಗಿಬಿಟ್ಟರೆ ಮಾತ್ರ ಎಪಾಕ್ಸಿ ಉಪಯೋಗಕ್ಕೆ ಬರುತ್ತದೆ.

ಎರಡನೇ ಸಲ ಬೇಗ ಬಿಟ್ಟದ್ದು ಆಶ್ಚರ್ಯವೇ ಅಲ್ಲ. ಒಣಗಿದ ಬಿಳಿ ಗ್ಲೂ ಮೇಲೆ ಹೊಸ ಗ್ಲೂ ಸರಿಯಾಗಿ ಹಿಡಿಯುವುದಿಲ್ಲ. ಹಳೆಯದನ್ನು ಬಿಸಿನೀರು ಇಲ್ಲವೇ ವಿನೆಗರ್ ಬಟ್ಟೆಯಿಂದ ಮೆತ್ತಗೆ ಮಾಡಿ, ಉಳಿಯಿಂದ ಪೂರ್ತಿ ಕೆರೆದು, ಮರ ಚೆನ್ನಾಗಿ ಒಣಗಿದ ಮೇಲೆ ಮುಂದುವರಿಯಿರಿ.

ಮಳೆಗಾಲದಲ್ಲೇ ಬಿಟ್ಟಿತು ಅಂದಿರಲ್ಲ, ಅದಕ್ಕೂ ಕಾರಣವಿದೆ. ತೇಮ ಹೀರಿದ ಮರ ನಾರಿನ ಅಡ್ಡಕ್ಕೆ ಉಬ್ಬುತ್ತದೆ, ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ. ಕಾಲಿನ ನಾರು ಒಂದು ದಿಕ್ಕಿಗೆ, ಪಟ್ಟಿಯ ನಾರು ಇನ್ನೊಂದು ದಿಕ್ಕಿಗೆ ಇರುವುದರಿಂದ ಕೀಲಿನ ಮೇಲೆ ಎಳೆತ ಬೀಳುತ್ತದೆ. ಹಸಿ ತೇಗ ಪೂರ್ತಿ ಒಣಗುವಾಗ ಅಡ್ಡಕ್ಕೆ ಸುಮಾರು 2.5ರಿಂದ 5.8 ಶೇಕಡಾ ಕುಗ್ಗುತ್ತದೆ. ಬಾಗಿಲು ಹಳೆಯದು, ನಿಮ್ಮಲ್ಲಿ ಇಷ್ಟು ಆಗುವುದಿಲ್ಲ. ಆದರೂ ಸ್ಟೂಲಿನ ಮೇಲ್ಹಲಗೆ ಅಗಲವಿದ್ದರೆ ಅದನ್ನು ಗ್ಲೂ ಹಾಕಿ ಸುತ್ತ ಬಿಗಿಯಬೇಡಿ. ಹಲಗೆಯ ಅಗಲದ ದಿಕ್ಕಿಗೆ ಉದ್ದನೆಯ ತೂತು ಮಾಡಿ ಸ್ಕ್ರೂ ಹಾಕಿ, ಹಲಗೆ ಸರಿದಾಡಲಿ.

ಕ್ಲ್ಯಾಂಪ್ ಇಲ್ಲದಿದ್ದರೆ ಹಗ್ಗ ಸುತ್ತಿ, ನಡುವೆ ಕೋಲು ಹಾಕಿ ತಿರುಚಿ ಬಿಗಿಯಿರಿ. ಕೀಲಿನ ಅಂಚಿನಲ್ಲಿ ಗ್ಲೂವಿನ ಸಣ್ಣ ಹನಿಗಳು ಸಾಲಾಗಿ ಕಂಡರೆ ಸಾಕು, ಇನ್ನೂ ಬಿಗಿಯಬೇಡಿ. ಹಾಗೇ 24 ಗಂಟೆ ಬಿಡಿ. ಅಲ್ಲಿಯವರೆಗೆ ಯಾರೂ ಕೂರಬಾರದು, ಮಕ್ಕಳು ಕೂಡ.